ಮೊದಲು ಹುಳುಕು ಹೇಳಬೇಕು

ಒಬ್ಬರ ಮನೆಗೆ ಸುಮ್ಮನೆ ಹೋಗಿ ಬರುವ ಸುಖ ಈ ಲೋಕದಲ್ಲಿ ಎಲ್ಲರಿಗೂ ಇದೆ, ಜಾಗದ ಬ್ರೋಕರ್ ಒಬ್ಬನನ್ನು ಬಿಟ್ಟು. ಪುರೋಹಿತರು ಬಂದರೆ ಕಾಲಿಗೆ ನೀರು ಕೊಡುತ್ತಾರೆ. ಡಾಕ್ಟರು ಬಂದರೆ ಕುರ್ಚಿ ಒರೆಸುತ್ತಾರೆ. ಮೀನಿನ ಬುಟ್ಟಿ ಹೊತ್ತ ಹೆಂಗಸು ಬಂದರಂತೂ ಬೆಕ್ಕು ಸಹಿತ ಮನೆಯವರೆಲ್ಲ ಅಂಗಳಕ್ಕೆ ಇಳಿಯುತ್ತಾರೆ. ನಾನು ಬೈಕ್ ನಿಲ್ಲಿಸಿದರೆ ಮಾತ್ರ ಮನೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ‘ಇವನನ್ನು ಕರೆಸಿದ್ದು ಯಾರು?’ ಎಂದು ಕಣ್ಣಿನಲ್ಲೇ ವಿಚಾರಣೆ ಶುರು ಮಾಡುತ್ತಾರೆ. ಅಣ್ಣನಿಗೆ ತಮ್ಮನ ಮೇಲೆ ಗುಮಾನಿ, ತಮ್ಮನಿಗೆ ಅತ್ತಿಗೆಯ ಮೇಲೆ ಗುಮಾನಿ. ನಾನು ಬಾಯಾರಿಕೆಗೆ ಒಂದು ಲೋಟ ನೀರು ಕೇಳಿದರೂ ಒಂದು ಕುಟುಂಬ ಒಡೆಯುವ ಹಾಗೆ ಕಾಣುತ್ತದೆ.

ಹೊರಗಿನವರ ಮಾತು ಬಿಡಿ. ನಾವುಂದದಲ್ಲಿ ನನ್ನ ಸ್ವಂತ ಚಿಕ್ಕಮ್ಮ ಬಚ್ಚಲಿನಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದಾರೆ ಎಂದು ಗೊತ್ತಾಗಿ ಮೂಸಂಬಿ ಹಿಡಿದುಕೊಂಡು ಹೋದೆ. ಚಿಕ್ಕಮ್ಮ ಮಲಗಿದ್ದಲ್ಲಿಂದಲೇ ನನ್ನನ್ನು ಒಮ್ಮೆ ನೋಡಿದರು, ಮೂಸಂಬಿಯನ್ನು ಒಮ್ಮೆ ನೋಡಿದರು.

“ಬಾ ಮಗಾ, ಕೂಕೋ. ಆರೆ ಒಂದ್ ಮಾತ್ ಮೊದ್ಲೇ ಹೇಳ್ತೆ ಕಾಣ್. ಮನಿ ಎದ್ರಿನ್ ಗದ್ದಿ ನಾ ಇಪ್ಪಲ್ಲಿವರಿಗೆ ಕೊಡುದಿಲ್ಲೆ, ಆಯ್ತಾ.”

“ಚಿಕ್ಕಿ, ನಾ ನಿನ್ ಕಾಲ್ ಕಾಂಬುಕ್ ಬಂದದ್ ಮಾರಾಯ್ತಿ.”

“ಹೌದೌದ್. ನಿನ್ನ ಅಪ್ಪಯ್ಯನೂ ಹಾಂಗೇ ಹೇಳ್ತಿದ್ದ. ಕಾಲ್ ಕಾಂಬುಕ್ ಬಂದವ ಹೋಪತಿಗೆ ಗಡಿಕಲ್ಲ್ ಕಂಡ್ಕಂಡ್ ಹೋತಿದ್ದ.”

ನನಗೆ ಸಿಟ್ಟು ಬಂತು. ಆದರೆ ಸಿಟ್ಟು ಮಾಡಿಕೊಂಡು ಅಂಗಳ ದಾಟುವಾಗ ನನ್ನ ಕಣ್ಣು ತನ್ನಷ್ಟಕ್ಕೇ ಹೋಗಿ ಬೇಲಿಯ ಮೂಲೆಯಲ್ಲಿದ್ದ ಗಡಿಕಲ್ಲಿನ ಮೇಲೆ ಕುಳಿತದ್ದು ನಿಜ. ಕಲ್ಲು ಸ್ವಲ್ಪ ವಾಲಿತ್ತು. ಹೇಳೋಣವೆಂದು ತಿರುಗಿದವನು ಬಿಟ್ಟುಬಿಟ್ಟೆ, ಹೇಳಿದ್ದರೆ ಮೂಸಂಬಿ ವಾಪಸು ಬರುತ್ತಿತ್ತು.

ಈ ಕಣ್ಣು ಅಪ್ಪಯ್ಯ ಕೊಟ್ಟದ್ದು. ಎಂಟನೆಯ ತರಗತಿಯಲ್ಲಿ ನಾನೂ ಶಾಲೆಯೂ ಒಬ್ಬರಿಗೊಬ್ಬರು ಸಾಕು ಎಂದು ತೀರ್ಮಾನಿಸಿಕೊಂಡ ಮೇಲೆ ಅಪ್ಪಯ್ಯ ಬೈಯಲಿಲ್ಲ, ಹೊಡೆಯಲಿಲ್ಲ. ತನ್ನ ಕೊಡೆಯನ್ನು ನನ್ನ ಕೈಗೆ ಕೊಟ್ಟು ಮುಂದೆ ನಡೆದರು. ಕುಂದಾಪುರದಿಂದ ಬೈಂದೂರಿನವರೆಗೆ, ಈ ಕಡೆ ಬ್ರಹ್ಮಾವರದವರೆಗೆ ಅವರು ಬಸ್ಸಿನಲ್ಲಿ ಹೋಗಿ, ಇಳಿದು, ನಡೆದು ಜಾಗದ ವ್ಯಾಪಾರ ಕುದುರಿಸಿದವರು. ಈಗ ಬ್ರಹ್ಮಾವರದಲ್ಲಿ ಗಾಜಿನ ಬಾಗಿಲು ಹಾಕಿ, ಒಳಗೆ ಬಣ್ಣದ ಮೀನು ಬಿಟ್ಟುಕೊಂಡು ‘ಡೆವಲಪರ್ಸ್’ ಎಂದು ಬೋರ್ಡು ಬರೆಸಿದವರಿದ್ದಾರೆ. ಅಪ್ಪಯ್ಯನ ಆಫೀಸು ಅವರ ಅಂಗಿಯ ಜೇಬು. ಬೋರ್ಡು ಅವರ ಬಾಯಿ. ಆ ಬಾಯಿಗೆ ಒಂದೇ ಕಾಯಿದೆ ಇತ್ತು. “ಮೊದ್ಲ್ ಹುಳ್ಕ್ ಹೇಳ್ಕ್ ಮಗಾ. ಹುಳ್ಕ್ ನಾವ್ ಹೇಳುದ್. ಗುಣ ಅವ್ರೇ ಹೇಳ್ಕ್.”

ಇದು ಎಷ್ಟು ದೊಡ್ಡ ವಿದ್ಯೆ ಎಂದು ನನಗೆ ತಿಳಿದದ್ದು ಬೀಜಾಡಿಯಲ್ಲಿ. ಕಡಲಿಗೆ ಹತ್ತಿರದ ಒಂದು ತೆಂಗಿನ ಜಾಗ. ಕೊಳ್ಳಲು ಬಂದವರು ಮುಂಬಯಿಯಲ್ಲಿ ಹೋಟೆಲು ಇಟ್ಟು ಕೂದಲು ಹಣ್ಣಾದವರು. ಅಪ್ಪಯ್ಯ ಅವರನ್ನು ಸೀದಾ ಬಾವಿಕಟ್ಟೆಗೆ ಕರೆದುಕೊಂಡು ಹೋಗಿ, ಒಂದು ಕೊಡಪಾನ ನೀರು ಸೇದಿ, “ಕುಡಿನಿ” ಅಂದರು. ಅವರು ಕುಡಿದು ಮುಖ ಕಿವುಚಿದರು. “ಬ್ಯಾಸ್ಗಿಗ್ ಇನ್ನೂ ಉಪ್ಪ್ ಆತ್ತ್. ಕಿಟಕಿಗ್ ಕಬ್ಬಿಣ ಹಾಕಿರೆ ಗಾಳಿ ತಿಂದ್ ಬಿಡತ್ತ್. ಆಚಿ ಮನಿಯರ್ ಜಗಳಗಂಟ್ರ್” ಎಂದು ಎಲ್ಲವನ್ನೂ ಹೇಳಿ, ಒಂದು ತೆಂಗಿನ ಬುಡದಲ್ಲಿ ಕುಳಿತು ಎಲೆ ಅಡಿಕೆ ಹಾಕಿಕೊಂಡರು. ಆಮೇಲೆ ಒಂದು ಮಾತಿಲ್ಲ. ಆ ಹೋಟೆಲಿನವರು ಜಾಗದ ತುಂಬ ತಿರುಗಿದರು, ತೆಂಗಿನ ಮರ ತಟ್ಟಿದರು, ಕಡಲಿನ ಕಡೆ ಮುಖ ಮಾಡಿ ಸುಮಾರು ಹೊತ್ತು ನಿಂತರು. ಕೊನೆಗೆ ಅಪ್ಪಯ್ಯನ ಹತ್ತಿರ ಬಂದು, “ಶೀನಣ್ಣ, ಉಪ್ಪಾರೆ ಉಪ್ಪ್ ಮಾರಾಯ್ರೆ. ಗಾಳಿ ಲಾಯ್ಕಿತ್ತ್” ಎಂದು ಗಾಳಿಯನ್ನು ಹೊಗಳಿದರು. ಅಪ್ಪಯ್ಯ ನನ್ನ ಕಡೆ ನೋಡಿ ಎಲೆಯ ಕೆಂಪು ಬಾಯಲ್ಲಿ ನಕ್ಕರು. ವ್ಯಾಪಾರ ಅಲ್ಲಿಗೆ ಮುಗಿದಿತ್ತು. ಇಷ್ಟು ಹುಳುಕು ತಾನಾಗಿ ಹೇಳಿದವನು ಇನ್ನೇನು ಮುಚ್ಚಿಟ್ಟಾನು ಎಂಬುದು ಮನುಷ್ಯನ ನಂಬಿಕೆ. ಆಮೇಲೆ ಗುಣವನ್ನು ತಾನೇ ಹುಡುಕಿಕೊಂಡನೋ, ಅದು ಅವನದ್ದೇ ಆಗಿಹೋಗುತ್ತದೆ.

ಅಪ್ಪಯ್ಯ ತೀರಿಕೊಂಡ ಮೇಲೆ ಕೊಡೆಯ ಬದಲು ಬೈಕು ಬಂತು, ಕಾಯಿದೆ ಅದೇ ಉಳಿಯಿತು. ನನ್ನ ದುಡಿಮೆಯ ಬಗ್ಗೆ ನನಗೆ ಹೆಮ್ಮೆ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮಳೆಯಲ್ಲಿ ಗದ್ದೆಯ ಅಂಚಿನ ಮೇಲೆ ಜಾರಿದ್ದೇನೆ, ಬಿಸಿಲಿನಲ್ಲಿ ಮುಳ್ಳುಬೇಲಿ ಹಾರಿದ್ದೇನೆ. ಒಂದು ಜಾಗವನ್ನು ಇಬ್ಬರಿಗೆ ತೋರಿಸಿ ಇಬ್ಬರನ್ನೂ ಕೆಡಿಸಿದವನಲ್ಲ. ಆದರೆ ಈ ಕೆಲಸದಲ್ಲಿ ಒಂದು ವಿಚಿತ್ರ ಇದೆ. ಮನೆ ಕಟ್ಟುವ ಜಾಗ ಸಿಗುವವರೆಗೆ ಬೆಳಿಗ್ಗೆ ಎದ್ದ ಕೂಡಲೇ ನನಗೆ ಫೋನ್ ಮಾಡುತ್ತಿದ್ದವರು, ಮನೆ ಎದ್ದು ನಿಂತು ಗೃಹಪ್ರವೇಶ ಆಗುವ ದಿನ ಬಡಗಿಯನ್ನು ಕರೆಯುತ್ತಾರೆ, ಮೇಸ್ತ್ರಿಗೆ ಪಂಚೆ ಕೊಡುತ್ತಾರೆ, ಕರೆಂಟಿನವನಿಗೂ ಪಾಯಸ ಬಡಿಸುತ್ತಾರೆ. ನನ್ನನ್ನು ಮರೆಯುತ್ತಾರೆ. ಬೇಕೆಂದೇ ಅಲ್ಲ. ಬ್ರೋಕರ್ ಎಂದರೆ ಹೊಳೆ ದಾಟಿಸಿದ ದೋಣಿ. ದೋಣಿಯನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ. ಸಂಜೆ ವಾಪಸು ಬರುವಾಗ ನಾನು ತೋರಿಸಿದ ಜಾಗಗಳಲ್ಲಿ ಎದ್ದ ಮನೆಗಳ ದೀಪ ರಸ್ತೆಗೆ ಕಾಣುತ್ತದೆ. ಒಳಗೆ ಯಾರೋ ಯಾರನ್ನೋ ಊಟಕ್ಕೆ ಕರೆಯುವ ಸದ್ದು ಕೇಳುತ್ತದೆ. ನಾನು ಕೋಟೇಶ್ವರದ ನನ್ನ ಮನೆಗೆ ಬಂದು ಬೆಳಗಿನ ಗಂಜಿಯನ್ನು ಬಿಸಿ ಮಾಡುತ್ತೇನೆ.

ಫೋನು ಮಾತ್ರ ದಿನವಿಡೀ ಹೊಡೆದುಕೊಳ್ಳುತ್ತದೆ. ಆದರೆ ಅದರಲ್ಲಿ ಮನುಷ್ಯರ ಹೆಸರೇ ಇಲ್ಲ. ‘ತೆಂಗಿನತೋಟ ಮರವಂತೆ’, ‘ಮೂಲೆ ಸೈಟು ಬ್ರಹ್ಮಾವರ’, ‘ದಾರಿ ತಕರಾರು ನಾವುಂದ’ ಎಂದು ಹೀಗೇ ಬರೆದಿಟ್ಟುಕೊಂಡಿದ್ದೇನೆ. ಒಂದು ದಿನ ಜ್ವರ ಬಂದು ಮಲಗಿದ್ದಾಗ ಯಾರಿಗಾದರೂ ಹೇಳೋಣವೆಂದು ಆ ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತಾ ಹೋದೆ. ತೆಂಗಿನತೋಟಕ್ಕೆ ಫೋನ್ ಮಾಡಿ ‘ಜ್ವರ’ ಎಂದರೆ ಏನು ಪ್ರಯೋಜನ? ಚಿಕ್ಕಮ್ಮನಿಗೆ ಮಾಡಿದೆ. ಅವರು ಶುಂಠಿ ಕಷಾಯದ ಕ್ರಮ ಹೇಳಿ, ಕೊನೆಗೆ, “ಇದೆಲ್ಲ ಸಾಕ್ ಮಗಾ. ನಿಂಗೊಂದ್ ಹೆಣ್ಣ್ ಕಾಂಬ” ಅಂದರು.

ನಲವತ್ತು ದಾಟಿದ ಮೇಲೆ ಹೆಣ್ಣು ಸಿಗುವುದು ಕಷ್ಟ, ಅದೂ ನನ್ನ ಕಸುಬಿಗೆ. ‘ರಿಯಲ್ ಎಸ್ಟೇಟ್’ ಎಂದರೆ ಹೆಣ್ಣಿನ ಕಡೆಯವರು ದೊಡ್ಡ ಕಾರು, ಬಂಗಾರದ ಸರ, ಕಪ್ಪು ಕನ್ನಡಕವನ್ನು ಯೋಚಿಸುತ್ತಾರೆ. ನಾನು ಬೈಕಿನಿಂದ ಇಳಿದು ಹೆಲ್ಮೆಟ್ ತೆಗೆದ ಕೂಡಲೇ ಆ ಯೋಚನೆ ಸಂಪೂರ್ಣ ಗುಣವಾಗುತ್ತದೆ. ಅಂತೂ ಚಿಕ್ಕಮ್ಮ ಬಿಜೂರಿನಲ್ಲಿ ಒಂದು ಮನೆ ಹುಡುಕಿದರು. ಅಪ್ಪ ಅಮ್ಮ ಇಲ್ಲ, ಅಣ್ಣ ರಾಘವ, ಅವನ ಹೆಂಡತಿ, ಮತ್ತೆ ತಂಗಿ ಜಲಜ. ಜಲಜ ಮನೆಯಲ್ಲೇ ಹೊಲಿಗೆ ಮಿಷನ್ ಇಟ್ಟುಕೊಂಡು ಸುತ್ತಲಿನ ಹೆಂಗಸರಿಗೆ ರವಿಕೆ ಹೊಲಿಯುತ್ತಿದ್ದರು. ಅಣ್ಣನ ಮದುವೆ, ತಾಯಿಯ ಕಾಯಿಲೆ ಎಂದು ಅವರ ವಯಸ್ಸೂ ಮೂವತ್ತೈದು ದಾಟಿತ್ತು.

ಕಾಲು ಸರಿಯಾದ ಚಿಕ್ಕಮ್ಮನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಜಗಲಿಯಲ್ಲಿ ಕುಳಿತೆವು. ಬೆಲ್ಲ, ನೀರು ಬಂತು. ನಾನು ನೀರು ಕುಡಿದವನು ಅಭ್ಯಾಸಬಲದಿಂದ, “ನೀರ್ ಲಾಯ್ಕಿತ್ತ್. ಬ್ಯಾಸ್ಗಿಗೂ ಹೀಂಗೇಯಾ? ಬಾವಿ ಎಷ್ಟ್ ಆಳ?” ಅಂದೆ. ಚಿಕ್ಕಮ್ಮ ನನ್ನ ತೊಡೆ ಚಿವುಟಿದರು. ಜಲಜ ಚಹಾ ತಂದುಕೊಟ್ಟು ಬಾಗಿಲ ಹಿಂದೆ ನಿಂತರು. ಶುಂಠಿ ಹಾಕಿದ ಚಹಾ. ರಾಘವ ಗಂಟಲು ಸರಿಮಾಡಿಕೊಂಡು, “ನಿಮ್ ಬಗ್ಗೆ ಒಂಚೂರ್ ಹೇಳಿ ಕಾಂಬ” ಅಂದ.

ಆ ಹೊತ್ತಿನಲ್ಲಿ ಉಳಿದ ಗಂಡಸರು ಏನು ಹೇಳುತ್ತಾರೋ ನನಗೆ ಗೊತ್ತಿಲ್ಲ. ನನಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ಮೊದಲು ಹುಳುಕು. ಎಂಟನೆಯಲ್ಲೇ ಶಾಲೆ ಬಿಟ್ಟದ್ದು ಹೇಳಿದೆ. ಮಳೆಗಾಲದಲ್ಲಿ ದುಡಿಮೆ ಕಡಿಮೆ ಎಂದೆ. ಅಡುಗೆಮನೆಯ ಮಾಡು ಸೋರುತ್ತದೆ, ಊಟಕ್ಕೆ ಹೊತ್ತುಗೊತ್ತು ಇಲ್ಲ, ನೆಂಟರು ನನ್ನನ್ನು ಕಂಡರೆ ಗೇಟು ಹಾಕುತ್ತಾರೆ ಎಂದೆ. ತಲೆ ಬಗ್ಗಿಸಿ ನೆತ್ತಿಯನ್ನೂ ತೋರಿಸಿದೆ. ಚಿಕ್ಕಮ್ಮನ ಉಗುರು ತೊಡೆಯ ಆಚೆ ಬದಿಗೆ ಬರುವುದೊಂದು ಬಾಕಿ. ನಾನು ಬಿಡಲಿಲ್ಲ. “ಮತ್ತೆ, ಗೊರ್ಕಿ ಹೊಡಿತೆ ಅಂದ್ಹೇಳಿ ಕಾಣತ್ತ್. ಸಮಾ ಗೊತ್ತಿಲ್ಲೆ. ಹೇಳುಕೆ ಮನ್ಯಗೆ ಯಾರೂ ಇಲ್ಲೆ ಅಲ್ದಾ.”

ಬಾಗಿಲ ಹಿಂದಿನಿಂದ ಒಂದು ನಗು ಬಂತು. ತಡೆಯಲು ನೋಡಿ ತಡೆಯಲಾಗದೆ ಜಾರಿದ ನಗು. ಆಮೇಲೆ ಅಪ್ಪಯ್ಯ ಕಲಿಸಿದ ಹಾಗೆ ನಾನು ಬಾಯಿ ಮುಚ್ಚಿ ಕುಳಿತೆ, ಗುಣವನ್ನು ಅವರೇ ಹುಡುಕಿಕೊಳ್ಳಲಿ ಎಂದು. ರಾಘವನ ಹೆಂಡತಿ ಮೆಲ್ಲಗೆ, “ಇಷ್ಟೇಯಾ, ಇನ್ನೂ ಇತ್ತಾ?” ಎಂದು ಕೇಳಿದಳು. ಚಹಾ ಮುಗಿಯಿತು. ಎದ್ದೆವು. “ಮನ್ಯಗೆ ಮಾತಾಡ್ಕಂಡ್ ಹೇಳ್ತ್” ಎಂದ ರಾಘವ. ಈ ಮಾತನ್ನು ನಾನು ಎಷ್ಟು ಗಿರಾಕಿಗಳ ಬಾಯಲ್ಲಿ ಕೇಳಿಲ್ಲ! ಮನೆಯಲ್ಲಿ ಮಾತಾಡಿಕೊಂಡು ಹೇಳುತ್ತೇವೆ ಎಂದವರು ಮತ್ತೆ ಆ ದಾರಿಯಲ್ಲಿ ಬಸ್ಸಿನಲ್ಲಿಯೂ ಹಾಯುವುದಿಲ್ಲ. ಬರುವಾಗ ಹೆದ್ದಾರಿಯ ಗಾಳಿಯಲ್ಲಿ ಚಿಕ್ಕಮ್ಮ ನನ್ನ ಕಿವಿಗೆ ಬಾಯಿಟ್ಟು ಕೂಗಿದರು. “ನೀ ಹೆಣ್ಣ್ ಕಾಂಬುಕ್ ಹೋದ್ದಾ, ನಿನ್ ಮೇಲೆ ಕಂಪ್ಲೇಂಟ್ ಕೊಡುಕ್ ಹೋದ್ದಾ?” ನನಗೆ ಅರ್ಧವೇ ಕೇಳಿಸಿತು. ಕಿವಿಯಲ್ಲಿ ಆ ನಗು ಕುಳಿತಿತ್ತು. ಅದು ಮನೆಗೂ ಬಂತು, ಗಂಜಿಯ ಹೊತ್ತಿಗೂ ಹೋಗಲಿಲ್ಲ.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಫೋನಿನಲ್ಲಿ ‘ಬಿಜೂರು’ ಎಂದು ಬಂತು. ರಾಘವ ಬಹಳ ಗೌರವದಿಂದ ಮಾತಾಡಿದ. “ಹ್ವಾಯ್, ಆ ದಿನದಿಂದ ನಾವ್ ನಿಮ್ ಸುದ್ದಿಯೇ ಮಾತಾಡುದ್. ನಿಮ್ಮಷ್ಟ್ ಸತ್ಯ ಹೇಳುವರ್ ಯಾರ್ ಇದ್ರ್? ಒಂದ್ಸಲ ಬನ್ನಿ.” ಅಂಗಿಗೆ ಇಸ್ತ್ರಿ ಹಾಕಿದೆ. ನೆತ್ತಿಯ ಮೇಲೆ ಇದ್ದಷ್ಟನ್ನು ಅತ್ತಿತ್ತ ಹಂಚಿ ಬಾಚಿದೆ. ಹೋಗಿ ಜಗಲಿಯಲ್ಲಿ ಕುಳಿತ ಮೇಲೆ ರಾಘವ ವಿಷಯ ತೆಗೆದ. ಮನೆಯ ಆಚೆ ರಸ್ತೆ ಬದಿಯಲ್ಲಿ ಅಣ್ಣ ತಂಗಿ ಇಬ್ಬರ ಹೆಸರಿನಲ್ಲಿ ಒಂದು ತುಂಡು ಜಾಗ ಇದೆ, ಮಾರಬೇಕು. ನಂಬಿಕೆಯ ಜನ ಬೇಕು. ನೀವಲ್ಲದೆ ಇನ್ಯಾರು?

ಹೀಗೆ ವರನಾಗಿ ಫೇಲಾದ ಸತ್ಯದಲ್ಲೇ ಬ್ರೋಕರಾಗಿ ಪಾಸಾದೆ. ಬೇರೆ ಯಾರಾದರೂ ಎದ್ದು ಹೋಗುತ್ತಿದ್ದರೇನೋ. ಅಷ್ಟರಲ್ಲಿ ಚಹಾ ಬಂತು. ನಾನು ಒಪ್ಪಿಕೊಂಡೆ.

ಜಾಗ ಬಂಗಾರದಂಥದ್ದು. ಅದಕ್ಕಿದ್ದ ಹುಳುಕು ಒಂದೇ, ಜೋರು ಮಳೆ ಬಂದಾಗ ಮುಂದಿನ ದಾರಿಯಲ್ಲಿ ಸ್ವಲ್ಪ ಹೊತ್ತು ನೀರು ನಿಲ್ಲುತ್ತದೆ. ಆದರೆ ಗಿರಾಕಿಗಳನ್ನು ಕರೆದುಕೊಂಡು ಹೋದಾಗೆಲ್ಲ ನನ್ನ ಬಾಯಿ ಅಷ್ಟಕ್ಕೇ ನಿಲ್ಲಲಿಲ್ಲ. ಮುಸ್ಸಂಜೆಗೆ ನುಸಿ ಎಂದೆ. ಬಸ್ಸಿನ ಹಾರನ್ ಎಂದೆ. ಆಚೆ ಹಲಸಿನ ಮರದ ಕಾಗೆ ಎಂದೆ. ಒಂದೂ ಸುಳ್ಳಲ್ಲ, ನಾನು ಸುಳ್ಳು ಹೇಳುವವನಲ್ಲ. ಆದರೆ ಸತ್ಯವನ್ನೂ ಉಪ್ಪಿನ ಹಾಗೆ ಕೈಯಳತೆಯಲ್ಲಿ ಹಾಕಬೇಕು. ಬಂದವರು ಮನೆಯಲ್ಲಿ ಮಾತಾಡಿಕೊಂಡು ಹೇಳುತ್ತೇವೆ ಎಂದು ಹೋದರು. ನಾನು ಅವರನ್ನು ಬಸ್ಸು ಹತ್ತಿಸಿ, ಸಂಗತಿ ತಿಳಿಸಬೇಕಲ್ಲ ಎಂದು ಜಗಲಿಗೆ ಬರುತ್ತಿದ್ದೆ. ರಾಘವ ಕೆಲಸಕ್ಕೆ ಹೋಗಿರುತ್ತಿದ್ದ. ಜಲಜ ಮಿಷನ್ ನಿಲ್ಲಿಸಿ ಎದ್ದು ಶುಂಠಿ ಹಾಕಿದ ಚಹಾ ತರುತ್ತಿದ್ದರು. ಅವರು ಹೊಲಿಯುತ್ತಾ ಮಾತಾಡುವುದು, ನಾನು ಲೋಟ ಹಿಡಿದು ಮಾತಾಡುವುದು. ಯಾವ ಊರಿನಲ್ಲಿ ಯಾವ ಮನೆಯವರು ಬೇಲಿಗಾಗಿ ಜಗಳ ಮಾಡಿದರು, ಯಾರ ರವಿಕೆಯ ತೋಳು ಗಿಡ್ಡವಾಯಿತು, ಇಂಥದ್ದೇ. ಒಂದು ಮನೆಯಲ್ಲಿ ನಾನು ಕುಳಿತರೂ ಯಾರೂ ಹೆದರದೆ ಇದ್ದದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಒಂದು ಮಧ್ಯಾಹ್ನ ಜಲಜ ಚಹಾ ತರಲಿಲ್ಲ. ಮಿಷನ್ ಕೂಡ ನಿಲ್ಲಿಸಲಿಲ್ಲ.

“ಹ್ವಾಯ್, ನಿಮ್ಗ್ ಈ ಜಾಗ ಮಾರುಕ್ ಮನ್ಸ್ ಇತ್ತಾ ಇಲ್ಯಾ?”

“ಎಂತಕೆ ಹಾಂಗ್ ಹೇಳ್ತ್ರಿ?”

“ಗಿರಾಕಿಗಳ್ ಹತ್ರ ಕಾಗೆ ಕೂಗತ್ತ್ ಅಂದ್ರಿ ಅಂಬ್ರ್. ಕಾಗೆ ಕೂಗ್ದೆ ಎಂತ ಯಕ್ಷಗಾನದ್ ಭಾಗವತಿಕೆ ಮಾಡತ್ತಾ?”

“ಇದ್ದದ್ ಹೇಳ್ಕಲ್ದಾ.”

“ನಿಮ್ದೂ ಹಾಂಗೇ ಹೇಳಿದ್ರಿ ಆ ದಿನ. ಗೊರ್ಕಿ ಸಮೇತ. ಒಳ್ಳೆದ್ ಒಂದಾರೂ ಹೇಳಿದ್ರ್ಯಾ?”

“ಒಳ್ಳೆದ್ ನಾವ್ ಹೇಳುದಲ್ಲ. ಕಾಂಬರೇ ಹೇಳ್ಕ್. ಅಪ್ಪಯ್ಯ ಕಲ್ಸಿದ್ ಹಾಂಗೆ.”

ಮಿಷನ್ ನಿಂತಿತು. “ಕಾಂಬುಕೆ ಹೊತ್ತ್ ಕೊಡ್ಕಲ್ದಾ ಮಾರಾಯ್ರೆ? ಚಾಯ ಕುಡ್ದ್ ಎದ್ದ್ ಹೋರೆ ಹ್ಯಾಂಗ್ ಕಾಂಬುದ್? ಅಣ್ಣ ಬ್ಯಾಡ ಅಂದ. ನೀವಾರೂ ಇನ್ನೊಂದ್ಸಲ ಬತ್ರಿಯೇನೋ ಅಂದ್ಹೇಳಿ ಇದ್ದೆ.”

ಓದುಗರೇ, ಅಲ್ಲಿ ಒಂದು ಮಾತು ಹೇಳಬೇಕಿತ್ತು. ಒಂದೇ ಒಂದು. ಬೀಜಾಡಿಯಿಂದ ಬೈಂದೂರಿನವರೆಗೆ ಬಾಯಿಯಿಂದಲೇ ಬದುಕಿದವನು ನಾನು. ಆದರೆ ಎದುರಿನವರು ಮಾತಾಡುವಾಗ ಬಾಯಿ ಹಾಕಬಾರದು, ಬಾಯಿ ಹಾಕಿದರೆ ವ್ಯಾಪಾರ ಮುರಿಯುತ್ತದೆ ಎಂಬ ಪಾಠ ಎಲುಬಿಗೆ ಇಳಿದಿತ್ತು. ಅವರು ಇನ್ನೂ ಏನೋ ಹೇಳಿಯಾರು ಎಂದು ನಾನು ಕಾದೆ. ನಾನು ಏನಾದರೂ ಹೇಳಿಯೇನು ಎಂದು ಅವರು ಕಾದರು. ಹಲಸಿನ ಮರದಲ್ಲಿ ಕಾಗೆ ಮಾತ್ರ ಮಾತಾಡಿತು.

ಕೊನೆಗೆ ಜಲಜ ಸೂಜಿಗೆ ನೂಲು ಪೋಣಿಸುತ್ತಾ ಹೇಳಿದರು. “ಬ್ರಹ್ಮಾವರದಗೆ ಒಂದ್ ಅಂಗಡಿ ಕೋಣೆ ಕಂಡಿಟ್ಟಿದ್ದೆ. ಅಲ್ಲೇ ಮಿಷಿನ್ ಹಾಕ್ಕ್ ಅಂದ್ಹೇಳಿ. ಈ ಜಾಗ ಮಾರಿರೆ ನನ್ ಪಾಲಿನ್ ದುಡ್ಡಂಗೆ ಅದ್ ಆತ್ತ್. ಇಲ್ದಿರೆ ಅಣ್ಣನ್ ಜಗಲಿ ಮೇಲೇ ಕಣ್ಣ್ ಹೋಪಲ್ಲಿವರಿಗೆ ಹೊಲಿಯುದ್.”

ನನಗೆ ಎರಡು ಕಡೆ ಪೆಟ್ಟಾಯಿತು. ಅವರು ಹೋಗುತ್ತಾರೆ ಎಂಬುದು ಒಂದು. ಅಂಗಡಿ ಕೋಣೆಯನ್ನು ಬ್ರೋಕರ್ ಇಲ್ಲದೆ ತಾವೇ ಹುಡುಕಿದರಲ್ಲ ಎಂಬುದು ಇನ್ನೊಂದು. ಎರಡನೆಯದಕ್ಕೇ ಮೊದಲು ನೋವಾಯಿತು ಎಂದರೆ ನನ್ನ ಹಣೆಬರಹವನ್ನು ನೀವೇ ಊಹಿಸಬಹುದು. ಆದರೆ ಒಬ್ಬರ ಬದುಕು ನನ್ನ ಚಹಾದ ಲೋಟದ ಅಡಿಗೆ ಸಿಕ್ಕಿಕೊಂಡಿದೆ ಎಂದು ತಿಳಿದ ಮೇಲೆ ಸುಮ್ಮನಿರುವ ಜಾತಿಯವನಲ್ಲ ನಾನು. ಮುಂದಿನ ವಾರವೇ ಕುಂದಾಪುರದಿಂದ ಒಬ್ಬ ನಿವೃತ್ತ ಮೇಷ್ಟ್ರನ್ನೂ ಅವರ ಹೆಂಡತಿಯನ್ನೂ ಕರೆದುಕೊಂಡು ಬಂದೆ. ಮಳೆಯ ನೀರಿನ ಸಂಗತಿ ಹೇಳಿದೆ, ಕಾಗೆಯ ಸುದ್ದಿ ತೆಗೆಯಲಿಲ್ಲ, ಹಲಸಿನ ನೆರಳಿನಲ್ಲಿ ಬಾಯಿ ಮುಚ್ಚಿ ನಿಂತೆ. ಮೇಷ್ಟ್ರ ಹೆಂಡತಿ ಸುತ್ತ ನೋಡಿ, “ಇಲ್ಲಿ ಮನಸ್ಸಿಗೆ ಹಿತವಾಗುತ್ತದೆ ಅಲ್ವಾ” ಎಂದರು. ನನ್ನ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಮಾಡಿದ ಕೆಲಸ ಇನ್ನೊಂದಿಲ್ಲ.

ನೋಂದಣಿಯ ದಿನ ಕಚೇರಿಯಲ್ಲಿ ಎಲ್ಲರೂ ಬೆಂಚಿನ ಮೇಲೆ ಕುಳಿತಿದ್ದೆವು. ಮದುವೆಯ ನೋಂದಣಿಯೂ ಅದೇ ಕಚೇರಿಯಲ್ಲೇ ಆಗುವುದು. ನಮ್ಮ ಪಕ್ಕದಲ್ಲಿ ಹೂವಿನ ಹಾರ ಹಾಕಿಕೊಂಡ ಒಂದು ಜೋಡಿ ತಮ್ಮ ಸರದಿಗೆ ಕಾಯುತ್ತಿತ್ತು. ನಾನು ಗೋಡೆಯ ಮೇಲಿನ ನೋಟೀಸುಗಳನ್ನು ಬಹಳ ಶ್ರದ್ಧೆಯಿಂದ ಓದಿದೆ. ನಮ್ಮನ್ನು ಕರೆದರು. ಜಾಗ ಬರೆದುಕೊಡುವವರನ್ನು ಗುರುತಿಸಲು ಪರಿಚಯದ ಸಾಕ್ಷಿ ಬೇಕು. ಆ ಸಾಕ್ಷಿ ನಾನೇ. ಅಧಿಕಾರಿಗಳು ಜಲಜರನ್ನು ತೋರಿಸಿ ನನ್ನನ್ನು ಕೇಳಿದರು. “ಇವರು ನಿಮಗೆ ಗೊತ್ತಾ?”

“ಗೊತ್ತಿತ್ತ್ ಸಾರ್” ಅಂದೆ, ಗೊತ್ತಿದೆ ಎಂಬುದಕ್ಕೆ ನಮ್ಮ ಕಡೆಯ ಮಾತು. ಸ್ವರ ಸ್ವಲ್ಪ ಜೋರಾಯಿತು. ಹಾರ ಹಾಕಿದ ಜೋಡಿ ತಿರುಗಿ ನೋಡಿತು. “ಇಲ್ಲಿ ಸಹಿ ಹಾಕಿ” ಎಂದರು, ಹಾಕಿದೆ.

ಹೊರಗೆ ಬಂದಾಗ ರಾಘವ ಬೈಕ್ ತರಲು ಹೋಗಿದ್ದ. ಜಲಜ ಸೆರಗು ಸರಿಮಾಡಿಕೊಂಡು ನನ್ನ ಕಡೆ ನೋಡಿದರು. “ಗೊತ್ತಿತ್ತ್ ಅಂದ್ರಿ ಅಲ್ದಾ. ಎಂತ ಗೊತ್ತಿತ್ತ್?”

ನನಗೆ ಗೊತ್ತಿದ್ದದ್ದು ಬಹಳ ಇತ್ತು. ನಗು ತಡೆಯಲಾಗದಾಗ ಬಾಗಿಲ ಹಿಂದೆ ಹೋಗುತ್ತೀರಿ. ಚಹಾಕ್ಕೆ ಶುಂಠಿಯನ್ನು ಜಜ್ಜಿ ಹಾಕುತ್ತೀರಿ. ನೂಲು ಪೋಣಿಸುವಾಗ ಒಂದು ಕಣ್ಣು ಮುಚ್ಚುತ್ತೀರಿ. ಬಾಯಿಯಿಂದ ಹೊರಬಿದ್ದದ್ದು ಮಾತ್ರ, “ಪಂಚಾಯ್ತಿಯಲ್ಲಿ ಖಾತೆ ಬದ್ಲಾಪುಕೆ ಇನ್ನೂ ಸ್ವಲ್ಪ ದಿನ ಬೇಕ್” ಎಂದು.

ಜಲಜ, “ಆಯ್ತ್. ಆದ್ ಕೂಡ್ಲೆ ಒಂದ್ ಫೋನ್ ಮಾಡಿ” ಎಂದು ಅಣ್ಣನ ಬೈಕ್ ಹತ್ತಿದರು.

ಖಾತೆ ಬದಲಾಗುವುದು ಕೊಂಡವರಿಗೆ ಬೇಕಾದ ಸಂಗತಿ. ಮಾರಿದವರಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ. ಇದು ನನಗೆ ಗೊತ್ತು. ಅವರಿಗೂ ಗೊತ್ತು, ಕಾಗದಪತ್ರವನ್ನೆಲ್ಲ ಓದಿಯೇ ಸಹಿ ಹಾಕಿದವರು ಅವರು. ಆದರೂ ಫೋನ್ ಮಾಡಿ ಎಂದರು.

ಖಾತೆ ಆಗಿ ಸುಮಾರು ದಿನವಾಯಿತು. ಬ್ರಹ್ಮಾವರದಲ್ಲಿ ಅಂಗಡಿಯೂ ತೆರೆದಿದೆಯಂತೆ, ಚಿಕ್ಕಮ್ಮ ಹೇಳಿದರು. ನಾನು ಇನ್ನೂ ಫೋನ್ ಮಾಡಿಲ್ಲ. ಆಯಿತು ಎಂದು ಹೇಳಿಬಿಟ್ಟರೆ ಆಮೇಲೆ ಫೋನ್ ಮಾಡುವುದಕ್ಕೆ ಕಾರಣ ಏನು ಉಳಿಯುತ್ತದೆ? ಹಾಗಾಗಿ ಬಿಜೂರಿನ ಕಡೆ ಹೋದಾಗೆಲ್ಲ ಪಂಚಾಯ್ತಿಗೆ ಹೋಗಿ, ಖಾತೆಯಲ್ಲಿ ಏನಾದರೂ ಸಣ್ಣ ತಪ್ಪು ಬಾಕಿ ಉಳಿದಿದೆಯೇ ಎಂದು ವಿಚಾರಿಸಿ ಬರುತ್ತೇನೆ. ಮೊನ್ನೆ ಅಲ್ಲಿಯ ಗುಮಾಸ್ತರು ಕನ್ನಡಕ ತೆಗೆದು ನನ್ನನ್ನು ನೋಡಿದರು. “ಹ್ವಾಯ್, ಒಂದೂ ತಪ್ಪಿಲ್ಲೆ ಮಾರಾಯ್ರೆ. ಎಲ್ಲ ಸಮಾ ಇತ್ತ್. ಸಮಾ ಇದ್ರೆ ನಿಮ್ಗ್ ಎಂತಕೆ ಇಷ್ಟ್ ಬ್ಯಾಜಾರ್?”